ಸೀತಮ್ಮನ ಪಟ್ಟಿ ಕೋಣೆ

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ತಪ್ಪು ಆಡಿಕೊಳ್ಳಲು ನನಗೂ ಬಾಯಿ ಬರುತ್ತದೆ.

2003ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಊರಿನ ಕ್ರೈಸ್ತ ಸಭೆಯವರು ಹನ್ನೊಂದು ಜನ ದೆಹಲಿಗೆ ಬಂದರು. ಅವರು ಒಂದು ದಿನ ಊರು ನೋಡಿ ಮಿಷನರಿಗಳನ್ನು ಭೇಟಿಯಾಗಬೇಕಿತ್ತು. ಆ ದಿನದ ಕಾರ್ಯಕ್ರಮದ ಹಾಳೆ ತಯಾರಿಸಿದವಳು ನಾನೇ. ಬೆಳಿಗ್ಗೆ ಕೆಂಪುಕೋಟೆ, ಚಾಂದನಿ ಚೌಕ. ಊಟವಾದ ಮೇಲೆ ಹೊಸ ಮೆಟ್ರೊ ರೈಲು. ಎರಡು ಗಂಟೆಗೆ ಮಿಷನರಿಗಳ ಭೇಟಿ. ಮೂರೂವರೆಗೆ ಚಹಾ, ಸೀತಮ್ಮ. ಮನೆಯ ಕಂಪ್ಯೂಟರಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದ ನನ್ನ ಮಗಳು ಸ್ಫೂರ್ತಿ ಕೈ ನಿಲ್ಲಿಸಿ ಕೇಳಿದಳು:

"ಮಮ್ಮೀ, ಸೀತಮ್ಮ ಆಂಟೀನ ಚಾಯ್ ಕೇ ಸಾಥ್ ಕ್ಯೂಂ ಲಿಖಾ? ಅವರೇನು ಬಿಸ್ಕತ್ತಾ?"

"ನಿನಗೇನು ಗೊತ್ತು, ಸುಮ್ನೆ ಪ್ರಿಂಟ್ ತೆಗಿ" ಎಂದು ಗದರಿದೆ. ಹದಿನಾರು ವರ್ಷದ ಹುಡುಗಿಗೆ ಕಂಡದ್ದು ನಲವತ್ತೈದರ ನನಗೆ ಕಾಣಲಿಲ್ಲ. ಕಂಡಿತ್ತೋ ಏನೋ, ಕಣ್ಣು ಮುಚ್ಚಿಕೊಂಡಿದ್ದೆ.

ನಾನು ಲೀಲಾ. ಒಂದು ಸಚಿವಾಲಯದಲ್ಲಿ ಗುಮಾಸ್ತೆ. ಗಂಡ ಚಂದ್ರಕಾಂತ ಕೂಡ ಸರ್ಕಾರಿ ನೌಕರರೇ, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ದೆಹಲಿಯಲ್ಲಿ ನಮ್ಮದೊಂದು ಕನ್ನಡ ಕ್ರೈಸ್ತ ಸಭೆ ಇದೆ, ನಲವತ್ತು ಕುಟುಂಬಗಳು. ಸ್ವಂತ ದೇವಾಲಯವಿಲ್ಲ. ಹಿಂದಿಯವರ ಆರಾಧನೆ ಮುಗಿದ ಮೇಲೆ ಭಾನುವಾರ ಮಧ್ಯಾಹ್ನ ಅವರ ಬೆಂಚುಗಳ ಮೇಲೆ ಕೂತು ನಾವು ಕನ್ನಡದಲ್ಲಿ ಹಾಡುತ್ತೇವೆ. ಆ ಸಭೆಯ ಕಮಿಟಿಗೆ ನಾನು ಸೆಕ್ರೆಟರಿ. ಏಕನಾಥ ಅಯ್ಯನವರು ಸಭಾಪಾಲಕರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಬಿಳಿಯರನ್ನು ಕಂಡರೆ ಮಾತ್ರ ಅವರ ಬೆನ್ನು ತಾನಾಗಿಯೇ ಬಾಗುತ್ತಿತ್ತು. ನಮ್ಮೆಲ್ಲರ ಬೆನ್ನೂ ಅಷ್ಟೇ, ಅವರೊಬ್ಬರನ್ನೇ ಯಾಕೆ ದೂರಲಿ?

ಸೀತಮ್ಮನವರು ತುಮಕೂರಿನವರು. ಅಪ್ಪ ಮಿಷನ್ ಆಸ್ಪತ್ರೆಯ ತೋಟದ ಮಾಲಿ. ಎಂಟನೆಯ ತರಗತಿಗೇ ಓದು ಬಿಟ್ಟು ಅದೇ ಆಸ್ಪತ್ರೆಯಲ್ಲಿ ಆಯಾ ಆದರು. ಅಲ್ಲಿ ಡೊರತಿ ಎಂಬ ಇಂಗ್ಲಿಷ್ ನರ್ಸ್ ಇದ್ದರು. ಎಪ್ಪತ್ತರಲ್ಲಿ ಡೊರತಿ ಮಿಸ್ಸಮ್ಮನನ್ನು ದೆಹಲಿಗೆ, ಯಮುನೆಯಾಚೆ ಶಾಹದರಾ ಕಡೆಯ ಕುಷ್ಠರೋಗಿಗಳ ಕಾಲೊನಿಗೆ ಕಳಿಸಿದಾಗ ಜೊತೆಗೆ ಒಬ್ಬ ಹುಡುಗಿ ಬೇಕಾಯಿತು. ಇಪ್ಪತ್ತೆಂಟು ವರ್ಷದ ಸೀತಮ್ಮ ಹೊರಟರು. ಮದುವೆಯ ಮಾತು ನಡೆಯುತ್ತಿತ್ತಂತೆ. ಕುಷ್ಠರೋಗಿಗಳನ್ನು ಮುಟ್ಟುವವಳು ಬೇಡವೆಂದು ಗಂಡಿನವರು ಹಿಂದೆ ಸರಿದರು. ಆ ಸಂಗತಿಯನ್ನು ಸೀತಮ್ಮ ಹೇಳುವುದೇ ಬೇರೆ ರೀತಿ: "ಆ ಗಂಡಿಗೆ ಬಾಯಿ ತುಂಬ ಹುಳುಕು ಹಲ್ಲು ಕಣೆ. ದೇವರು ದೊಡ್ಡವನು."

ಮೂರು ವರ್ಷಕ್ಕೆ ಡೊರತಿ ಮಿಸ್ಸಮ್ಮನ ತಾಯಿ ಹಾಸಿಗೆ ಹಿಡಿದರು. ಮಿಸ್ಸಮ್ಮ ಊರಿಗೆ ಹೋದರು, ಮತ್ತೆ ಬರಲಿಲ್ಲ. ಸೀತಮ್ಮ ಉಳಿದರು. ಕಾಲೊನಿಯ ಅಂಚಿನಲ್ಲಿದ್ದ ಮಿಷನ್ನಿನ ಒಂದು ಇಟ್ಟಿಗೆ ಕೋಣೆಯಲ್ಲಿ, ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತೆರೆದು ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು. ಅದನ್ನು ಎಲ್ಲರೂ ಪಟ್ಟಿ ಕೋಣೆ ಎನ್ನುತ್ತಿದ್ದರು. ಅಲ್ಲಿಯವರ ರೋಗ ಔಷಧದಿಂದ ಎಂದೋ ಗುಣವಾಗಿತ್ತು, ಆದರೆ ಸ್ಪರ್ಶ ಸತ್ತ ಪಾದಗಳು ಹಾಗೇ ಉಳಿದಿದ್ದವು. ಕಾಲಿಗೆ ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ಪಾತ್ರೆ ತಗುಲಿದರೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ, ಮೂಳೆಗಿಳಿದು, ಒಂದೊಂದೇ ಬೆರಳು ಹೋಗುತ್ತದೆ. ಅದನ್ನು ತಡೆಯುವುದು ಆ ಕೋಣೆಯ ಕೆಲಸ. ಪಾದವನ್ನು ನೀರಲ್ಲಿ ನೆನೆಸುವುದು, ದಡ್ಡುಗಟ್ಟಿದ ಚರ್ಮ ಹೆರೆಯುವುದು, ಎಣ್ಣೆ ಹಚ್ಚುವುದು, ಪಟ್ಟಿ ಕಟ್ಟುವುದು. ಮರುದಿನ ಮತ್ತೆ ಅದೇ.

ಅದೇ ಕಾಲೊನಿಯಲ್ಲಿ ಹುಟ್ಟಿದ ಇಂದಿರಾ ಎಂಬ ಹುಡುಗಿಗೆ ಸೀತಮ್ಮ ಈ ಕೆಲಸ ಕಲಿಸಿದ್ದರು. ಅವಳ ಅಪ್ಪ ಅಮ್ಮ ರಾಯಚೂರು ಕಡೆಯವರು, ರೋಗ ಬಂತೆಂದು ಊರವರು ಅಟ್ಟಿದಾಗ ರೈಲು ಹತ್ತಿದವರು. ಇಂದಿರಾಗೆ ಆಗ ಇಪ್ಪತ್ತೆಂಟು, ಹನ್ನೆರಡು ವರ್ಷದಿಂದ ಸೀತಮ್ಮನ ಎದುರು ಕೂತು ಪಟ್ಟಿ ಕಟ್ಟುತ್ತಿದ್ದಳು. ಮಂಗಳವಾರ ಹನುಮಾನ್ ಗುಡಿಗೆ ಹೋಗಿ ಕುಂಕುಮ ಇಟ್ಟುಕೊಂಡೇ ಬರುತ್ತಿದ್ದಳು. ಸೀತಮ್ಮ ಒಂದು ದಿನವೂ ಅದರ ಬಗ್ಗೆ ಮಾತೆತ್ತಲಿಲ್ಲ.

ಕೋಣೆ ನಮ್ಮ ಸಭೆಯ ಹೆಸರಿನಲ್ಲಿತ್ತು. ಔಷಧಿ, ಬಟ್ಟೆಗೆ ನೆರವು ಇಂಗ್ಲೆಂಡಿನ ಆ ಸಭೆಯಿಂದ, ಅಂದರೆ ಡೊರತಿ ಮಿಸ್ಸಮ್ಮನ ಊರಿನಿಂದ ಬರುತ್ತಿತ್ತು. ಈಗ ಅವರು ಸೈಮನ್, ಕೇಟ್ ಎಂಬ ಯುವ ದಂಪತಿಯನ್ನು ಮಿಷನರಿಗಳಾಗಿ ಕಳಿಸಿದ್ದರು. ಅವರು ವಸಂತ್ ಕುಂಜ್‌ನ ಫ್ಲಾಟಿನಲ್ಲಿದ್ದು ಎಂಟು ತಿಂಗಳಿಂದ ಹಿಂದಿ ಕಲಿಯುತ್ತಿದ್ದರು. ನಮ್ಮ ಕಮಿಟಿಗೆ ಒಂದು ಯೋಚನೆ ಬಂತು. ಕೋಣೆಯನ್ನು ಆ ದಂಪತಿಗೆ ವಹಿಸುವುದು. ಅಲ್ಲಿ ಮಕ್ಕಳಿಗೆ ಕಂಪ್ಯೂಟರು, ಹಾಡು, ಬೈಬಲ್ ಕಥೆ. ಗಾಯದವರು ಸರ್ಕಾರಿ ಆಸ್ಪತ್ರೆಗೆ ಹೋಗಲಿ. ಸೀತಮ್ಮನವರಿಗೆ ಶಾಲು ಹೊದಿಸಿ ತುಮಕೂರಿನ ವೃದ್ಧಾಶ್ರಮಕ್ಕೆ ಕಳಿಸುವುದು. ಅತಿಥಿಗಳು ಬಂದ ದಿನ ಸೀತಮ್ಮ ದೇವರು ತಮ್ಮನ್ನು ನಡೆಸಿದ ಬಗೆಗೆ ಸಾಕ್ಷಿ ಹೇಳಿ, ಸಂತೋಷದಿಂದ ಕೋಣೆ ಒಪ್ಪಿಸಬೇಕು.

ಸೀತಮ್ಮ ಕಮಿಟಿಯ ಮುಂದೆ ಬಂದು ಒಂದೇ ಮಾತು ಕೇಳಿದ್ದರು: "ನನ್ನ ಬೇಕಾದರೆ ಕಳಿಸಿ. ಕೋಣೆ ಇಂದಿರಾಗೆ ಕೊಡಿ."

"ಅವಳು ನಮ್ಮವಳಲ್ವಲ್ಲ ಸೀತಮ್ಮ" ಎಂದರು ಅಯ್ಯನವರು. ಅಲ್ಲಿಗೆ ಮುಗಿಯಿತು. ನಡವಳಿಯಲ್ಲಿ ನಾನು "ಚರ್ಚಿಸಲಾಯಿತು" ಎಂದು ಬರೆದೆ.

ನನ್ನ ಇನ್ನೊಂದು ಕೆಲಸ ಅನುವಾದ. ನಮ್ಮ ಸಭೆಗಳಲ್ಲಿ ಅನುವಾದಕ್ಕೆ ಒಂದು ಪದ್ಧತಿಯಿದೆ, ಅದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ. ಬಂದ ಅತಿಥಿ "ನಿಮ್ಮ ಹಾಡು ಬಹಳ ಜೋರಾಗಿತ್ತು" ಎಂದರೆ ನಾವು ಕನ್ನಡದಲ್ಲಿ "ನಿಮ್ಮ ಹಾಡು ಪರಲೋಕ ಮುಟ್ಟಿತು" ಎನ್ನುತ್ತೇವೆ. ನಮ್ಮ ಹಿರಿಯರೊಬ್ಬರು "ಹೋದ ಸಲ ಗಂಟೆ ಕೊಡಿಸ್ತೀನಿ ಅಂದೋರು ಇನ್ನೂ ಕೊಡಿಸಿಲ್ಲ" ಎಂದರೆ ಇಂಗ್ಲಿಷಿನಲ್ಲಿ "ನಿಮ್ಮ ಪ್ರೀತಿಯನ್ನು ಪ್ರತಿ ಭಾನುವಾರ ನೆನೆಯುತ್ತಾರೆ" ಎನ್ನುತ್ತೇವೆ. ಇಬ್ಬರೂ ನಗುತ್ತಾ ಕೈ ಕುಲುಕುತ್ತಾರೆ. ಇಪ್ಪತ್ತೆರಡು ವರ್ಷ ಸರ್ಕಾರಿ ಕಡತಗಳಲ್ಲಿ ಟಿಪ್ಪಣಿ ಬರೆದ ನನಗೆ ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ದಿನ ಬಿಸಿಲು ಹಿತವಾಗಿತ್ತು. ಅತಿಥಿಗಳ ಮುಂದಾಳು ಮಾರ್ಗರೆಟ್, ಎಪ್ಪತ್ತರ ಹತ್ತಿರದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕೆಂಪುಕೋಟೆಯಲ್ಲಿ ಎಲ್ಲರನ್ನೂ ಶಾಲೆಯ ಮಕ್ಕಳಂತೆ ಎಣಿಸಿ ಎಣಿಸಿ ಒಳಗೆ ಬಿಟ್ಟರು. ಅಯ್ಯನವರು ಕಂಡ ಕಲ್ಲಿಗೆಲ್ಲ "ಮೊಘಲ್, ಮೊಘಲ್" ಎಂದು ಹೇಳುತ್ತಾ ಮುಂದೆ ನಡೆದರು. ಚಾಂದನಿ ಚೌಕದಲ್ಲಿ ಸೈಕಲ್ ರಿಕ್ಷಾ ಹತ್ತಿದರು. ನಮ್ಮ ರಿಕ್ಷಾದವನು ಮಾರ್ಗರೆಟ್‌ರ ಅರ್ಧ ತೂಕವೂ ಇರಲಿಲ್ಲ. ಅವರು ಹತ್ತು ಹೆಜ್ಜೆಗೇ ಇಳಿದು, ತಾವು ನಡೆಯುತ್ತೇವೆ, ನೀನು ಬ್ಯಾಗು ಮಾತ್ರ ತಾ ಎಂದು ಸನ್ನೆ ಮಾಡಿದರು. "ಪಾಗಲ್ ಹೈ ಕ್ಯಾ ಯೇ ಮೇಮ್?" ಎಂದು ಅವನು ನನ್ನನ್ನು ಕೇಳಿದ. "ಚಲೋ ಭಯ್ಯಾ, ಚಲೋ" ಎಂದೆ. ನನಗೆ ಆ ಹೆಂಗಸು ಅಲ್ಲಿಂದಲೇ ಸ್ವಲ್ಪ ಹಿಡಿಸಿದರು.

ಮೆಟ್ರೊ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. ಇದ್ದದ್ದು ಒಂದೇ ಸಾಲು, ತೀಸ್ ಹಜಾರಿಯಿಂದ ಶಾಹದರಾಗೆ. ಎಲ್ಲಿಗೂ ಹೋಗುವ ಕೆಲಸವಿಲ್ಲದವರೂ ಮನೆಮಂದಿಯೊಂದಿಗೆ ಪೂರಿ, ಉಪ್ಪಿನಕಾಯಿ ಕಟ್ಟಿಕೊಂಡು ಬರೀ ಸವಾರಿಗೆ ಬರುತ್ತಿದ್ದರು. ಕಾಶ್ಮೀರಿ ಗೇಟಿನಲ್ಲಿ ಚಲಿಸುವ ಮೆಟ್ಟಿಲಿನ ಮುಂದೆ ಮುಸುಕು ಹಾಕಿದ ಹರಿಯಾಣದ ಹೆಂಗಸೊಬ್ಬಳು ಚಪ್ಪಲಿ ಬಿಚ್ಚಿ ಕೈಲಿ ಹಿಡಿದು, ಕಣ್ಣು ಮುಚ್ಚಿ ಕಾಲಿಟ್ಟಳು. ಅತಿಥಿಗಳಲ್ಲಿ ನಾಲ್ಕು ಕ್ಯಾಮೆರಾ ಮೇಲೆದ್ದವು. ನನಗೆ ಸಿಟ್ಟು ಬಂತು. ಸಿಟ್ಟಿಗೆ ಇನ್ನೊಂದು ಕಾರಣ, ನಾನೂ "ಕರ್ತನೇ" ಎಂದುಕೊಂಡೇ ಕಾಲಿಟ್ಟಿದ್ದೆ. ರೈಲು ಯಮುನೆ ದಾಟುವಾಗ ಒಬ್ಬರು "ಇದು ಪವಿತ್ರ ನದಿಯಲ್ಲವೆ?" ಎಂದು ಕೇಳಿದರು. ಕೆಳಗೆ ಕಪ್ಪು ನೀರು, ಬಿಳಿ ನೊರೆ. ಹೌದೆಂದೆ, ಇನ್ನೇನು ಹೇಳಲಿ?

ಕಾಲೊನಿಯಲ್ಲಿ ಶಾಮಿಯಾನ ಹಾಕಿಸಿದ್ದೆವು. ಕುರ್ಚಿಗಳು, ಗಂಧದ ಹಾರಗಳು, ಬ್ಯಾನರಿನ ಮೇಲೆ ಡೊರತಿ ಮಿಸ್ಸಮ್ಮನ ಚಿತ್ರ. ಸೈಮನ್ ಮತ್ತು ಕೇಟ್ ಖಾದಿ ಕುರ್ತಾ ತೊಟ್ಟು ಕೈ ಮುಗಿದು ನಿಂತಿದ್ದರು. ಎಲ್ಲ ಸರಿಯಾಗಿತ್ತು, ಸೀತಮ್ಮನೊಬ್ಬರು ಇರಲಿಲ್ಲ. ಆಚೆ ನೋಡಿದರೆ ಪಟ್ಟಿ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಹೊರಗಿನ ಬೆಂಚಿನ ಮೇಲೆ ಇಪ್ಪತ್ತೈದು ಮೂವತ್ತು ಜನ, ಒಳಗೆ ಸೀತಮ್ಮ ಸ್ಟೂಲಿನ ಮೇಲೆ ಬಾಗಿ ಯಾರದೋ ಕಾಲು ತೊಳೆಯುತ್ತಿದ್ದರು. ಎದುರು ಇಂದಿರಾ.

ಅಯ್ಯನವರು ಓಡಿದರು, ಹಿಂದೆ ನಾನು. "ಇವತ್ತೊಂದು ದಿನ ನಿಲ್ಲಿಸಿ ಅಂದಿದ್ದೆನಲ್ಲ ಸೀತಮ್ಮ!"

"ನಾನೂ ಗಾಯಕ್ಕೆ ಹೇಳಿದೆ ಅಯ್ಯನೋರೇ. ಅದು ಕೇಳಲಿಲ್ಲ."

"ಅತಿಥಿಗಳು ಅಲ್ಲಿ ಕಾಯ್ತಿದ್ದಾರೆ."

"ಇವರು ಇಲ್ಲಿ ಕಾಯ್ತಿದ್ದಾರೆ. ಇವರು ಮೊದಲು ಬಂದರು."

ಅಷ್ಟರಲ್ಲಿ ಮಾರ್ಗರೆಟ್ ನಮ್ಮ ಹಿಂದೆಯೇ ಬಂದು, ತಾವು ಒಳಗೇ ಬರಬಹುದೇ ಎಂದು ಕೇಳಿಬಿಟ್ಟರು. ಹನ್ನೊಂದು ಜನರೂ ಆ ಸಣ್ಣ ಕೋಣೆಗೆ ನುಗ್ಗಿದರು. ಸೈಮನ್, ಕೇಟ್ ಬಾಗಿಲಲ್ಲಿ ನಿಂತರು. ಗಂಧದ ಹಾರಗಳು ಶಾಮಿಯಾನದಲ್ಲೇ ಉಳಿದವು. ಡೆಟ್ಟಾಲು, ಕೀವು, ಬೇವಿನೆಣ್ಣೆ ಕಲೆತ ವಾಸನೆ. ಒಬ್ಬರು ಕರವಸ್ತ್ರ ತೆಗೆದವರು ಸುತ್ತ ನೋಡಿ ಮತ್ತೆ ಜೇಬಿಗಿಟ್ಟರು.

ಮಾರ್ಗರೆಟ್ ಚೀಲದಿಂದ ಒಂದು ಹಳೆಯ ಫೋಟೊ ತೆಗೆದರು. ಡೊರತಿ ಮಿಸ್ಸಮ್ಮ ಇದೇ ಕೋಣೆಯ ಮುಂದೆ ನಿಂತಿದ್ದಾರೆ, ಪಕ್ಕದಲ್ಲಿ ಎರಡು ಜಡೆಯ ತೆಳ್ಳನೆಯ ಸೀತಮ್ಮ. ಹಿಂಬದಿಯಲ್ಲಿ "ಡೊರತಿ ಮತ್ತು ಆಕೆಯ ಸಹಾಯಕಿ" ಎಂದು ಬರೆದಿತ್ತು. "ಮೂವತ್ತು ವರ್ಷದಿಂದ ಪ್ರತಿ ತಿಂಗಳೂ ಡೊರತಿಯ ಈ ಕೆಲಸಕ್ಕಾಗಿ ಪ್ರಾರ್ಥಿಸಿದ್ದೇವೆ. ಡೊರತಿ ನಿಮ್ಮ ಬದುಕನ್ನು ಹೇಗೆ ಬದಲಾಯಿಸಿದರು, ಹೇಳಿ" ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಸೀತಮ್ಮ ಕೈ ನಿಲ್ಲಿಸದೆ ಮಾತಾಡಿದರು. "ಡೊರತಿ ಮಿಸ್ಸಮ್ಮ ಒಳ್ಳೆಯವರು. ನನಗೆ ಪಟ್ಟಿ ಕಟ್ಟೋದು ಕಲಿಸಿದರು. ಮೂರು ವರ್ಷ ಇದ್ದರು, ಹೋದರು. ಆಮೇಲೆ ಮೂವತ್ತು ವರ್ಷ ಇಲ್ಲಿ ಯಾರಿದ್ದರು ಅಂತ ಇವರನ್ನ ಕೇಳು."

ನಾನು ಇಂಗ್ಲಿಷಿನಲ್ಲಿ, "ಡೊರತಿಯ ಪ್ರೀತಿ ಇವತ್ತಿಗೂ ಈ ಕೋಣೆಯಲ್ಲಿದೆ ಎನ್ನುತ್ತಾರೆ" ಎಂದೆ. ಎಲ್ಲರೂ ತಲೆದೂಗಿದರು.

ಸೀತಮ್ಮ ತಲೆಯೆತ್ತಿದರು. "ಲೀಲಾ, ನನಗೆ ಇಂಗ್ಲಿಷ್ ಬರಲ್ಲ. ಆದರೆ ಔಷಧಿ ಅಳೆದು ಅಳೆದು ಲೆಕ್ಕ ಬರುತ್ತೆ. ನಾನು ಮೂವತ್ತು ಅಂದೆ. ನಿನ್ನ ಬಾಯಲ್ಲಿ ಥರ್ಟಿ ಅಂತ ಬರಲೇ ಇಲ್ಲ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಮಾರ್ಗರೆಟ್‌ರ ಕಡೆ ತಿರುಗಿ, ಕ್ಷಮಿಸಿ, ನಾನು ತಪ್ಪಾಗಿ ಹೇಳಿದೆ, ಅವರು ಹೇಳಿದ್ದು ಹೀಗೆ ಎಂದು ಒಂದಕ್ಷರ ಬಿಡದೆ ಹೇಳಿದೆ.

ಅಯ್ಯನವರು ನನ್ನ ಕಿವಿಯ ಬಳಿ ಬಾಗಿದರು. "ಲೀಲಾ ಅವರೇ, ಸ್ವಲ್ಪ ನಯವಾಗಿ ಹೇಳಿ. ದೂರದಿಂದ ಬಂದೋರು."

ಯಾವ ಭೂತ ಹೊಕ್ಕಿತೋ ಗೊತ್ತಿಲ್ಲ. "ನಮ್ಮ ಸಭಾಪಾಲಕರು ನನಗೆ ಸ್ವಲ್ಪ ನಯವಾಗಿ ಹೇಳಲು ಹೇಳುತ್ತಿದ್ದಾರೆ" ಎಂದು ಅದನ್ನೂ ಇಂಗ್ಲಿಷಿಗೆ ಅನುವಾದಿಸಿಬಿಟ್ಟೆ. ಬಾಗಿಲಲ್ಲಿದ್ದ ಕೇಟ್ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅಯ್ಯನವರ ಮುಖ ಹುಳ್ಳಗಾಯಿತು. ಅಷ್ಟು ವರ್ಷಗಳಲ್ಲಿ ಯಾರೂ ಎಚ್ಚರಿಸದೆ ನಾನಾಗಿಯೇ ಮಾಡಿದ ಮೊದಲ ಪ್ರಾಮಾಣಿಕ ಅನುವಾದ ಅದು.

ಗುಂಪಿನಲ್ಲಿ ಎತ್ತರದ ಗಂಡಸೊಬ್ಬರಿದ್ದರು. ಅವರು ಮೆಲ್ಲನೆ ಕೇಳಿದರು: ಈ ಮೂವತ್ತು ವರ್ಷದಲ್ಲಿ ಇವರ ಮೂಲಕ ಎಷ್ಟು ಜನ ಕರ್ತನ ಬಳಿಗೆ ಬಂದರು? ಅಯ್ಯನವರು ಕಣ್ಣಲ್ಲೇ ನನ್ನನ್ನು ಬೇಡಿಕೊಂಡರು. ನಾನು ಹಾಗೆಯೇ ಕೇಳಿದೆ.

"ಯಾರೂ ಇಲ್ಲ" ಎಂದರು ಸೀತಮ್ಮ. "ಒಬ್ಬರೂ ಇಲ್ಲ. ಕಾಲಿನ ಬೆರಳು ಎಷ್ಟು ಉಳಿಸಿದೆ ಅಂತ ಕೇಳೋಕೆ ಹೇಳು, ಅದಾದರೆ ಹೇಳ್ತೀನಿ."

ಅವರ ಎದುರು ಕೂತಿದ್ದವನು ತಿಪ್ಪೇಸ್ವಾಮಿ, ಚಳ್ಳಕೆರೆಯ ಕಡೆಯ ಮುದುಕ. ಬೇಸಿನ್ನಿನಿಂದ ಕಾಲೆತ್ತಿ ಆ ಎತ್ತರದ ಮನುಷ್ಯನ ಮುಂದೆ ಹಿಡಿದ. ಎರಡೇ ಬೆರಳಿದ್ದವು. "ಸಾಹೇಬ್ರಿಗೆ ಹೇಳಮ್ಮ. ಹೋದ ಮೂರು ನಾನು ಕುಡಿದು ಕಳಕೊಂಡಿದ್ದು. ಇರೋ ಎರಡು ಈಯಮ್ಮಂದು. ಅಚ್ಛಾ ಸೇ ದೇಖೋ, ಸಾಬ್." ಅದನ್ನೂ ಹಾಗೆಯೇ ಅನುವಾದ ಮಾಡಿದೆ.

ಅಯ್ಯನವರಿಗೆ ಇನ್ನು ತಡೆಯಲಾಗಲಿಲ್ಲ. ತಾವೇ ಇಂಗ್ಲಿಷಿನಲ್ಲಿ ಶುರುಮಾಡಿದರು. ಸೀತಮ್ಮನವರಿಗೆ ವಯಸ್ಸಾಗಿದೆ, ಈಗ ಅವರು ಈ ಕೋಣೆಯನ್ನು ಸಂತೋಷದಿಂದ ಮಿಷನರಿಗಳಿಗೆ ಒಪ್ಪಿಸುತ್ತಾರೆ ಎಂದರು. ಅದನ್ನು ನಾನು ಸೀತಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಸೀತಮ್ಮ ತಿಪ್ಪೇಸ್ವಾಮಿಯ ಪಟ್ಟಿಯ ಗಂಟು ಕಟ್ಟಿ ಮುಗಿಸಿದರು, ಕೈ ತೊಳೆದರು, ಸೆರಗಿನಲ್ಲಿ ಒರೆಸಿಕೊಂಡು ಎದ್ದು ನಿಂತರು. ಐದಡಿಯೂ ಇಲ್ಲದ ಹೆಂಗಸು.

"ಮಿಷನರಿ ಅಂದರೆ ಯಾರು ಅಯ್ಯನೋರೇ? ದೂರದ ಊರಿಂದ ಬಂದು, ತಮ್ಮದಲ್ಲದ ಭಾಷೆ ಕಲಿತು, ತಮ್ಮವರಲ್ಲದವರ ಸೇವೆ ಮಾಡೋರು ತಾನೆ? ನಾನು ತುಮಕೂರಿಂದ ರೈಲು ಹತ್ತಿ ಮೂರನೇ ದಿನಕ್ಕೆ ಇಲ್ಲಿ ಇಳಿದೆ. ಆಗ 'ಪಾನಿ' ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ನಮ್ಮಪ್ಪ ಸತ್ತಾಗ ಇಲ್ಲಿ ಕಾಲರಾ ಇತ್ತು, ನಾನು ಮಣ್ಣಿಗೂ ಹೋಗಲಿಲ್ಲ. ಹಾಗಾದರೆ ನಾನು ಯಾರು? ಮೂವತ್ತಮೂರು ವರ್ಷ ನನ್ನ ನೀವು ಏನಂತ ಕರೆದಿರಿ?"

ನಮ್ಮಲ್ಲಿ ಬಿಳಿಯರಿಗಷ್ಟೇ ಮಿಷನರಿ ಎನ್ನುವ ರೂಢಿ. ನಮ್ಮವರು ಅದೇ ಕೆಲಸ ಮಾಡಿದರೆ ಕೆಲಸದವರು, ಬೈಬಲ್ ಅಮ್ಮ, ಆಯಾ. ನಾನಂತೂ ಅವರನ್ನು ಚಹಾದ ಪಕ್ಕ ಬರೆದಿದ್ದೆ. ಅದನ್ನೂ ಇಂಗ್ಲಿಷಿನಲ್ಲಿ ಹೇಳಿ, ಮಾರ್ಗರೆಟ್‌ರ ಕೈಯಲ್ಲೇ ಇದ್ದ ಕಾರ್ಯಕ್ರಮದ ಹಾಳೆಯಲ್ಲಿ ಆ ಸಾಲನ್ನು ತೋರಿಸಿದೆ. ಆಕೆ ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿಕೊಂಡರು.

"ಕೋಣೆಯನ್ನ ಯಾರಿಗೆ ಕೊಡಬೇಕು ಅಂತ ನಿಮ್ಮ ಇಷ್ಟ?" ಎಂದು ಅವರೇ ಕೇಳಿದರು.

ಸೀತಮ್ಮ ಇಂದಿರಾಳ ರಟ್ಟೆ ಹಿಡಿದು ಮುಂದೆಳೆದರು. ಅವಳ ಕೈಯ ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವತ್ತು ಮಂಗಳವಾರ, ಹಣೆಯ ಮೇಲೆ ಕುಂಕುಮ ಎದ್ದು ಕಾಣುತ್ತಿತ್ತು. ಅಯ್ಯನವರಿಗೆ ಕೊನೆಯ ಆಸರೆ ಸಿಕ್ಕಿತು. "ನೋಡಿ, ಈ ಹುಡುಗಿ ಸಭೆಗೆ ಸೇರಿದವಳಲ್ಲ, ದೀಕ್ಷಾಸ್ನಾನ ಆಗಿಲ್ಲ. ನಮ್ಮವಳೇ ಅಲ್ಲ!" ಎಂದು ಎರಡೂ ಭಾಷೆಯಲ್ಲಿ ಹೇಳಿದರು.

"ಗಾಯ ನಮ್ಮವರದ್ದಾ ಅಂತ ಕೇಳಿ ನಾನು ಒಂದು ದಿನವೂ ತೊಳೆದಿಲ್ಲ" ಎಂದರು ಸೀತಮ್ಮ. ಆಮೇಲೆ ಬಾಗಿಲಲ್ಲಿದ್ದ ಸೈಮನ್‌ನನ್ನು ನೋಡಿ ಹಿಂದಿಯಲ್ಲಿ ನೇರವಾಗಿ ಕೇಳಿದರು: "ಬೇಟಾ, ರೋಜ್ ಆಓಗೇ? ಯೇ ಕರೋಗೇ?"

ದಿನಾ ಬರುತ್ತೀಯಾ, ಇದನ್ನು ಮಾಡುತ್ತೀಯಾ ಎಂದು. ಎಂಟು ತಿಂಗಳ ಹಿಂದಿ ಅಷ್ಟಕ್ಕೆ ಸಾಕಾಯಿತು. ಹುಡುಗ ಕೆಂಪಗಾಗಿ ಇಲ್ಲವೆಂದು ತಲೆಯಾಡಿಸಿದ. ತನಗೆ ಈ ಕೆಲಸ ಬರುವುದಿಲ್ಲ, ಕೋಣೆ ಖಾಲಿ ಬಿದ್ದಿದೆಯೆಂದು ತನಗೆ ಹೇಳಿದ್ದರು, ಹೀಗೆಂದು ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ ಎಂದ. ಖಾಲಿಯಿದೆಯೆಂದು ಹೇಳಿದವರು ಯಾರೆಂದು ಯಾರೂ ಕೇಳಲಿಲ್ಲ, ಎಲ್ಲರೂ ಅಯ್ಯನವರನ್ನು ನೋಡಿದರು. ಸೀತಮ್ಮ ಆಗಲೇ ಕೂತು ಮುಂದಿನವರನ್ನು ಕರೆದಿದ್ದರು. ಶಾಲು ಅವತ್ತು ಯಾರ ಹೆಗಲಿಗೂ ಬೀಳಲಿಲ್ಲ. ಚಹಾವನ್ನು ನಾನು ಮಾಡಿದೆ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದುಕೊಂಡರೆ ನಿಮಗೆ ಕಮಿಟಿಗಳ ಸಂಗತಿ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಇಂಗ್ಲೆಂಡಿನಿಂದ ಕಾಗದ ಬಂತು. ಮಾರ್ಗರೆಟ್ ಎಷ್ಟು ಹೊಡೆದಾಡಿದರೋ, ಅಲ್ಲಿಯ ಕಮಿಟಿ ಒಪ್ಪಿದ್ದು ಅರ್ಧ. ಸೀತಮ್ಮ ಬದುಕಿರುವ ತನಕ ಕೋಣೆ ಅವರದ್ದು, ನೆರವು ಮುಂದುವರಿಯುತ್ತದೆ. ನಂತರ ಸ್ಥಳೀಯ ಸಭೆ ತೀರ್ಮಾನಿಸಲಿ. ಇಂದಿರಾಳ ಹೆಸರೇ ಇರಲಿಲ್ಲ. ನಮ್ಮ ಕಮಿಟಿಯವರಿಗೆ ಸಮಾಧಾನವಾಯಿತು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಹೆಂಗಸು, ಎಷ್ಟು ದಿನ? ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಾನು ಅದೇ ಮೇಜಿನ ಸುತ್ತ ಕೂತಿದ್ದೆ.

ಕಾಗದ ಓದಿ ಹೇಳಿದಾಗ ಸೀತಮ್ಮ ನಕ್ಕರು. "ಬದುಕಿರೋ ತನಕ ಅಂತ ತಾನೆ? ಬದುಕಿರ್ತೀನಿ ಬಿಡು."

ಮೊಂಡುತನದಿಂದ ಬದುಕಿದರು. ಮರುದಿನದಿಂದಲೇ ತಮ್ಮ ಸ್ಟೂಲನ್ನು ಇಂದಿರಾಗೆ ಕೊಟ್ಟು ತಾವು ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಒಂದು ಪಟ್ಟಿಯನ್ನೂ ಕಟ್ಟಲಿಲ್ಲ. ಕಣ್ಣಲ್ಲಿ ನೋಡುವುದು, ಬೈಯುವುದು, ಅಷ್ಟೇ. "ಹುಷಾರಿಲ್ವಾ?" ಎಂದು ಕೇಳಿದರೆ, "ಚೆನ್ನಾಗಿದ್ದೀನಿ. ಅವಳ ಕೈಗೆ ನಾನು ಅಡ್ಡ ಬರಬಾರದು" ಎನ್ನುತ್ತಿದ್ದರು. ಹೊಸದಾಗಿ ಬಂದ ರೋಗಿಗಳಿಗೆ ಸೀತಮ್ಮ ಯಾರೋ ಕಾವಲು ಮುದುಕಿ, ಡಾಕ್ಟರಮ್ಮ ಅಂದರೆ ಇಂದಿರಾ. ಆರೂವರೆ ವರ್ಷ ಹೀಗೆ ನಡೆಯಿತು. ಕೇಟ್ ವಾರಕ್ಕೆ ಎರಡು ದಿನ ಬಂದು ಪಟ್ಟಿ ಕಟ್ಟುವುದನ್ನು ಇಂದಿರಾಳ ಹತ್ತಿರ ಕಲಿತಳು, ಎರಡು ವರ್ಷದ ನಂತರ ಗಂಡನೊಂದಿಗೆ ಊರಿಗೆ ಹೋದಳು.

2009ರ ಸೆಪ್ಟೆಂಬರಿನಲ್ಲಿ ಸೀತಮ್ಮ ತೀರಿಕೊಂಡರು. ಒಂದು ಬುಧವಾರ ಬೆಳಗಿನ ಜಾವ, ನಿದ್ದೆಯಲ್ಲೇ. ಮರುದಿನ ಮಧ್ಯಾಹ್ನ ಮಣ್ಣು ಮಾಡಿದೆವು. ಕಾಲೊನಿಯಿಂದ ಒಂದು ಟೆಂಪೊ ತುಂಬ ಜನ ಬಂದು ಸ್ಮಶಾನದ ಗೇಟಿನಲ್ಲಿ ನಿಂತರು. ಒಳಗೆ ಬನ್ನಿ ಎಂದು ಕರೆದುತಂದವರು ನನ್ನ ಗಂಡ. ಇಂದಿರಾ ಅವರಲ್ಲಿ ಇರಲಿಲ್ಲ.

"ನೋಡಿದ್ರಾ? ಮಗಳು ಮಗಳು ಅಂತ ತಲೆ ಮೇಲೆ ಹೊತ್ತುಕೊಂಡರು. ಒಂದು ಹಿಡಿ ಮಣ್ಣು ಹಾಕೋಕೂ ಬರಲಿಲ್ಲ" ಎಂದು ನಮ್ಮವರೊಬ್ಬರು ಮೂಗು ಮುರಿದರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು ಪ್ಯಾಕೆಟ್ಟು ಒಡೆಯದ ಒಂದು ಹೊಸ ಬೀಗ ಕೈಗಿತ್ತರು. ಅವರ ಕಣ್ಣು ಒಣಗಿತ್ತು ಎಂದು ಹೇಳಲಾರೆ, ಒದ್ದೆಯಾಗಿಯೇ ಇತ್ತು. "ಲೀಲಾ ಅವರೇ, ನೀವು ಸೆಕ್ರೆಟರಿ. ಇವತ್ತೇ ಹೋಗಿ ಕೋಣೆಗೆ ಹಾಕಿಬಿಡಿ. ಭಾನುವಾರ ಕಮಿಟಿ ಸೇರೋಣ. ತಡ ಮಾಡಿದರೆ ಯಾರಾದರೂ ಹಕ್ಕು ಸಾಧಿಸ್ತಾರೆ."

ಬೀಗ ತೆಗೆದುಕೊಂಡೆ, ಆಟೊ ಹಿಡಿದೆ. ದಾರಿಯುದ್ದಕ್ಕೂ ಅದು ನನ್ನ ಮಡಿಲಲ್ಲಿ ಕೂತಿತ್ತು. ಕಾಲೊನಿ ತಲುಪಿದಾಗ ಮೂರು ಗಂಟೆ ದಾಟಿತ್ತು. ಕೋಣೆಯ ಬಾಗಿಲು ತೆರೆದಿತ್ತು, ಬೆಂಚು ತುಂಬಿತ್ತು. ಒಳಗೆ ಇಂದಿರಾ ಸ್ಟೂಲಿನ ಮೇಲೆ ಬಾಗಿ ಒಬ್ಬಳ ಕಾಲು ತೊಳೆಯುತ್ತಿದ್ದಳು. ಅವಳ ಮೂಗಿನ ತುದಿಯಿಂದ ಕಣ್ಣೀರು ಬೇಸಿನ್ನಿಗೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ದೀದಿ, ಮಣ್ಣಾಯ್ತಾ?" ಎಂದಳು.

"ಆಯ್ತು. ನೀನ್ಯಾಕೆ ಬರಲಿಲ್ಲ ಇಂದಿರಾ?"

"ಅಮ್ಮ ಬರಬೇಡ ಅಂದಿದ್ರು. ಮೊದಲೇ ಕಸಮ್, ಆಣೆ ತಗೊಂಡಿದ್ರು ನನ್ನ ಹತ್ರ. 'ನಾನು ಸತ್ತ ದಿನ, ಮಾರನೇ ದಿನ, ಎರಡು ಗಂಟೆಗೆ ನೀನು ಇಲ್ಲೇ ಇರಬೇಕು. ಅಳಬೇಕಾದರೆ ಪಟ್ಟಿ ಕಟ್ಟುತ್ತಾ ಅಳು. ಬಾಗಿಲು ಮುಚ್ಚಿದ್ದರೆ ಬೀಗ ಹಾಕೋದು ಸುಲಭ' ಅಂದ್ರು."

ಆಗ ಅವಳ ಕಣ್ಣು ನನ್ನ ಕೈಯಲ್ಲಿದ್ದ ಬೀಗದ ಮೇಲೆ ಬಿತ್ತು. ಹೊರಗಿನ ಬೆಂಚನ್ನು ಒಮ್ಮೆ ನೋಡಿ, "ಇನ್ನೂ ಹನ್ನೆರಡು ಜನ ಇದ್ದಾರೆ ದೀದಿ" ಎಂದಳು.

ಭಾನುವಾರ ಕಮಿಟಿ ಸೇರಿತು. ಅಯ್ಯನವರು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಬೀಗವನ್ನು ಪ್ಯಾಕೆಟ್ಟಿನ ಸಮೇತ ಮೇಜಿನ ಮೇಲಿಟ್ಟೆ. ನಡವಳಿ ಪುಸ್ತಕ ತೆರೆದು, ಎಲ್ಲರೂ ನೋಡುತ್ತಿರುವಾಗಲೇ, ಗುಮಾಸ್ತೆಯ ದುಂಡಗಿನ ಅಕ್ಷರದಲ್ಲಿ ಬರೆದು ಗಟ್ಟಿಯಾಗಿ ಓದಿದೆ: "ನಮ್ಮ ಸಭೆಯ ಮಿಷನರಿ ಸೀತಮ್ಮನವರು ತೀರಿಕೊಂಡರು. ಅವರ ಜಾಗದಲ್ಲಿ ಇಂದಿರಾ ಕೆಲಸ ಮಾಡುತ್ತಿದ್ದಾಳೆ. ಕೋಣೆಗೆ ಬೀಗ ಹಾಕಲು ಸೆಕ್ರೆಟರಿಗೆ ಹೇಳಲಾಗಿತ್ತು. ಸೆಕ್ರೆಟರಿ ಹಾಕಲಿಲ್ಲ, ಹಾಕುವುದೂ ಇಲ್ಲ. ಹಾಕಬೇಕೆನ್ನುವವರು ಮಧ್ಯಾಹ್ನ ಎರಡು ಗಂಟೆಯ ನಂತರ ತಾವೇ ಹೋಗಿ, ಒಳಗಿರುವವರನ್ನು ಎಬ್ಬಿಸಿ ಹಾಕತಕ್ಕದ್ದು."

ಸಹಿ ಹಾಕಿ ಪುಸ್ತಕವನ್ನು ಅಯ್ಯನವರ ಮುಂದೆ ತಳ್ಳಿದೆ. ಬೀಗ ಮೇಜಿನ ನಡುವೆ ಇತ್ತು. ಯಾರೂ ಕೈ ಚಾಚಲಿಲ್ಲ.